ಪೆಗ್ ಔಟ್

ನಾರ್ತ್ ಶೀಲ್ಡ್ಸಿಗೆ ಬಂದ ಮೊದಲ ಸೋಮವಾರ
ಹೆಟ್ಟಿ ರಿಡ್ಲಿ ಒದ್ದೆ ಬಟ್ಟೆಯ ಬುಟ್ಟಿಯನ್ನು
ನನ್ನ ಸೊಂಟಕ್ಕೆ ಏರಿಸಿ, ‘ಹೋಗೇ, ಪೆಗ್ ಔಟ್ ಮಾಡು’ ಅಂದಳು.
ಹಿತ್ತಿಲ ಓಣಿಗೆ ಅಡ್ಡ ಕಟ್ಟಿದ ಹಗ್ಗ,
ಹಲ್ಲಿನಲ್ಲಿ ಕಚ್ಚಿ ಹಿಡಿದ ಎರಡು ಮರದ ಕ್ಲಿಪ್ಪು,
ಟೈನ್ ನದಿಯ ಕಡೆಯಿಂದ ಮೀನು ನಾರುವ ಗಾಳಿ.
ಬಟ್ಟೆ ಒಣಹಾಕುವುದು. ಸುಲಭ.
ನೋಟುಬುಕ್ಕಿನಲ್ಲಿ ಲಾಟ್ವಿಯನ್ನಿನಲ್ಲಿ ಬರೆದುಕೊಂಡೆ.

ಮಾರ್ಚಿನಲ್ಲಿ ವಿಲ್ಫ್ ತನ್ನ ತರಕಾರಿ ಪಾತಿಗೆ ಕರೆದೊಯ್ದ.
ಎರಡು ಗೂಟ, ನಡುವೆ ಬಿಗಿದ ನೂಲು,
ಲೀಕ್ ಸಸಿಗಳು ಈ ಗೆರೆ ದಾಟಕೂಡದು
ಅಂತ ನೆಲಕ್ಕೇ ತಾಕೀತು ಮಾಡಿದ ಹಾಗೆ.
‘ಇದೂ ಪೆಗ್ ಔಟೇ’ ಅಂದ, ಮೊಣಕಾಲು ಹಿಡಿದು ಏಳುತ್ತ.
ಹಳೆಯ ಅರ್ಥದ ಪಕ್ಕ ಜಾಗ ಬಿಟ್ಟಿರಲಿಲ್ಲ,
ಅಂಚಿನಲ್ಲಿ ಓರೆಯಾಗಿ ಬರೆದೆ.

ಗುರುವಾರ ರಾತ್ರಿ ಪಬ್ಬಿನ ಮೂಲೆಯಲ್ಲಿ ಕ್ರಿಬ್:
ಇಸ್ಪೀಟು, ಪಕ್ಕದಲ್ಲೊಂದು ತೂತು ತೂತಿನ ಹಲಗೆ.
ಬೆಂಕಿಕಡ್ಡಿ ತೂತಿನಿಂದ ತೂತಿಗೆ ನಡೆದು
ನೂರಿಪ್ಪತ್ತೊಂದು ಮೊದಲು ಮುಟ್ಟಿದವ ಗೆದ್ದ.
ಅದಕ್ಕೂ ಅದೇ ಮಾತು!
‘ಪೆಗ್ಡ್ ಔಟ್!’ ಎಂದು ವಿಲ್ಫ್ ಮೇಜು ಗುದ್ದಿದರೆ
ಮೂರು ಗ್ಲಾಸಿನ ನೊರೆ ಚೆಲ್ಲುತ್ತಿತ್ತು.
ಗೆಲ್ಲುವುದು, ಎಂದು ಬರೆದೆ. ಪೆನ್ಸಿಲಿನಲ್ಲಿ.

ನವೆಂಬರು. ರಾತ್ರಿ ಪಾಳಿ ಮುಗಿಸಿ,
ಬೆರಳ ಸಂದಿಯಲ್ಲಿನ್ನೂ ಹ್ಯಾಡಕ್ಕಿನ ಹುರುಪೆ,
ಬಾಗಿಲು ತೆರೆದರೆ ಹೆಟ್ಟಿ ಅಡುಗೆಮನೆಯಲ್ಲಿ ನಿಂತೇ ಇದ್ದಳು.
‘ವಿಲ್ಫ್ ಪೆಗ್ಡ್ ಔಟ್’ ಅಂದಳು. ಅಷ್ಟೇ.

ನಾನು ಕಿಟಕಿಯಾಚೆ ನೋಡಿದೆ. ಕಡಲ ಮೇಲೆ ಕಪ್ಪು.
‘ಈ ಮೋಡದಲ್ಲಾ? ಮಳೆ ಬರುತ್ತೆ. ಒಳಗೆ ತರಲಾ?’

ಅವಳು ಮೊದಲು ಕೆಮ್ಮಿದಳೆಂದುಕೊಂಡೆ.
ಸಿಂಕಿನ ಅಂಚು ಹಿಡಿದು ನಗುತ್ತಿದ್ದಳು,
‘ನಲವತ್ತೊಂದು ವರ್ಷ! ಒಂದು ಕಾಲುಚೀಲ,
ಒಂದೇ ಒಂದು ಕಾಲುಚೀಲ ಹಗ್ಗಕ್ಕೆ ಹಾಕಲಿಲ್ಲ ಆ ಗಂಡಸು!’
ನಗು ಎಲ್ಲಿ ಮುಗಿಯಿತೋ ಇಬ್ಬರಿಗೂ ತಿಳಿಯಲಿಲ್ಲ.
ಆಮೇಲೆ ಹೆಬ್ಬೆರಳು ತೋರುಬೆರಳು ಸೇರಿಸಿ
ಗಾಳಿಯಿಂದ ಏನನ್ನೋ ಕಿತ್ತು ತೋರಿಸಿದಳು.
ಗೊಟಕ್.

ಆ ಅರ್ಥ ನಾನು ಬರೆದುಕೊಂಡಿಲ್ಲ.

ಮುಂದಿನ ಸೋಮವಾರ ಅವನ ಅಂಗಿಗಳನ್ನೂ ಒಗೆದಳು,
ಆರನ್ನೂ, ಯಾರಿಗೆಂದು ನಾನು ಕೇಳಲಿಲ್ಲ.
ಬುಟ್ಟಿ ಕೊಡುವಾಗ ಬಾಯಿ ತೆರೆದು, ತಡೆದು,
‘ಇವನ್ನ… ಆಚೆ ಹಾಕಿಬಿಡೇ’ ಅಂದಳು.

ಓಣಿಯಲ್ಲಿ ಕಲ್ಲಿದ್ದಲ ಲಾರಿ ಹಾರ್ನು ಹೊಡೆಯಿತು,
ಹಗ್ಗ ಎತ್ತಿ ಹಿಡಿದು ದಾರಿ ಬಿಟ್ಟೆ.
ಕ್ಲಿಪ್ಪು ಒಂದು ಕಮ್ಮಿ ಬಿತ್ತು.
ಕೊನೆಯ ತೋಳನ್ನು ಕೈಯಲ್ಲೇ ಹಿಡಿದು ನಿಂತಿದ್ದೆ, ಸ್ವಲ್ಪ ಹೊತ್ತು.