ಗಡಸು ನೀರು

ಗೋಣಿಕೊಪ್ಪದ ಮೊಯ್ದು ಅಂಗಡಿಯಲ್ಲಿ
ಗೋಲ್ಡ್‌ಫಿಶ್ ಉಂಟು, ಗಪ್ಪಿ ಉಂಟು,
ಲೋಟಕ್ಕೊಂದರಂತೆ ಸಿಟ್ಟಾಗಿ ನಿಂತ ಫೈಟರ್ ಉಂಟು.
"ಆಫ್ರಿಕಾದ ಸಿಕ್ಲಿಡ್ಡಾ? ಡಾಕ್ಟ್ರೇ,
ಈ ತಾಲೂಕಿಗೇ ಗಿರಾಕಿ ನೀವೊಬ್ಬರು."

ಕೊನೆಗೆ ಮೈಸೂರಿಗೆ ಫೋನು. ಆರು ಮರಿ,
ಆರಿಸುವುದು ಅವರು, ದುಡ್ಡು ಮೊದಲು.
ಬಣ್ಣ ಕೇಳಿದ್ದಕ್ಕೆ, "ಬೆಳೆದ ಮೇಲೆ ಗೊತ್ತಾಗ್ತದೆ ಮೇಡಂ."
ಥರ್ಮಾಕೋಲ್ ಪೆಟ್ಟಿಗೆ ಸಂಜೆ ಬಸ್ಸಿನಲ್ಲಿ
ಕಂಡಕ್ಟರನ ಸೀಟಿನಡಿ ತಿತಿಮತಿ ಕಾಡು ದಾಟಿ
ವಿರಾಜಪೇಟೆಗೆ ಬಂತು.
ಐದು ಬದುಕಿದ್ದವು.

ನಮ್ಮ ಬಾವಿಯ ನೀರು ತೀರಾ ಮೆದು,
ಚೂರು ಸೋಪಿಗೆ ಬಕೆಟ್ ತುಂಬ ನೊರೆ.
ಇವಕ್ಕೆ ಕಲ್ಲು ಕರಗಿದ ಸರೋವರದ ಗಡಸು ಬೇಕು.
ತಲಶ್ಶೇರಿ ಮೀನಿನ ಗಾಡಿಯವನಲ್ಲಿ ಚಿಪ್ಪು ಕೇಳಿದೆ.
"ಬರೀ ಚಿಪ್ಪಾ?" ಎಂದು ಎರಡು ಸಲ ಕೇಳಿ
ಪುಕ್ಕಟೆ ಕೊಟ್ಟ.
ಬೇಯಿಸಿ, ಕುಟ್ಟಿ, ಫಿಲ್ಟರಿಗೆ ತುಂಬುವಾಗ ಅನ್ನಿಸಿತು,
ಹಲ್ಲಿಗೂ ಬೇಕಾದ್ದು ಇದೇ ಸುಣ್ಣ.

ಎಂಟು ತಿಂಗಳಿಗೆ ನಾಲ್ಕು ನೀಲಿಯಾಗಿ ಜಗಳಕ್ಕೆ ಬಿದ್ದವು.
ಒಂದು ಹಳದಿಯಲ್ಲೇ ಉಳಿಯಿತು.

ಮನೆಯ ಮುಂಗೋಣೆಯೇ ನನ್ನ ಕ್ಲಿನಿಕ್ಕು.
ದಿನವಿಡೀ ಮಾತು ಒಂದೇ:
ಬಾಯಿ ತೆರೀರಿ, ಇನ್ನೂ ಸ್ವಲ್ಪ, ಹಾಂ.
ಈ ವಾರ ಹಳದಿಯವಳು ಊಟ ಬಿಟ್ಟಿದ್ದಾಳೆ.
ಗಲ್ಲ ಉಬ್ಬಿದೆ, ದವಡೆ ಬಿಗಿ.
ಬಾತ ಕೆನ್ನೆಗೆ ಕರವಸ್ತ್ರ ಒತ್ತಿ ಕೂತಿದ್ದ ದೇಚಮ್ಮ
ಗಾಜಿಗೆ ಬಗ್ಗಿ, "ಪಾಪ, ಇದಕ್ಕೂ ಹಲ್ಲುನೋವಾ?"

ಅಲ್ಲ. ಒಳಗೆ ಮೊಟ್ಟೆ.
ಮೂರು ವಾರ ಉಗುಳುವುದಿಲ್ಲ, ನುಂಗುವುದಿಲ್ಲ.

ಅವರು ಏನೂ ಹೇಳಲಿಲ್ಲ.
ಕುರ್ಚಿಗೆ ಒರಗಿ, ದೀಪ ಹಾಕಿದ ಮೇಲೂ
ಬಾಯಿ ತೆರೆಯಲು ತುಸು ಹೊತ್ತು ಹಿಡಿಯಿತು.
ನಾನೂ ಅವಸರ ಮಾಡಲಿಲ್ಲ.