ಲುಪೆನಿಯಲ್ಲಿ ಮಾಣಿ ತರಬೇತಿ

ಗಣಿಗೆ ಬೀಗ ಬಿದ್ದ ಮೂರನೇ ತಿಂಗಳು
ಸರ್ಕಾರ ಹೇಳಿತು: ಇನ್ನು ಪ್ರವಾಸೋದ್ಯಮ.
ಮುಚ್ಚಿದ ಶಾಲೆಯಲ್ಲಿ ಹನ್ನೊಂದು ಮೇಜು,
ಬುಖಾರೆಸ್ಟಿನಿಂದ ಬಂದ ಹುಡುಗಿ,
ತಲಾ ಒಂದು ಜೊತೆ ಬಿಳಿ ಕೈಗವಸು.
ಇಲಾರಿಯೆಯ ಬೆರಳು ಅದರಲ್ಲಿ ಹಿಡಿಸಲಿಲ್ಲ.

"ಅತಿಥಿಯ ಎಡಗಡೆಯಿಂದ ಬಡಿಸಿ. ಮತ್ತೆ, ನಗಬೇಕು."
ಇಪ್ಪತ್ತಾರು ವರ್ಷ, ಅಷ್ಟು ಆಳದಲ್ಲಿ,
ನಗು ಅಂತ ಅವನಿಗೆ ಯಾರೂ ಹೇಳಿರಲಿಲ್ಲ;
ಸುಮ್ಮನೆ ನಗುತ್ತಿದ್ದ.

ಕುರ್ಚಿಯಲ್ಲಿ ಕೂತ ಅತಿಥಿ ನಾನೇ.
ನನ್ನ ಪಾಳಿ ನಾಳೆ.

ಸಂಜೆ ಕರೆಂಟು ಹೋಯಿತು.
ಹುಡುಗಿ ಕಿರುಚಿ ಗೋಡೆ ತಡಕಿದಳು.
ಕತ್ತಲಲ್ಲಿ ನನ್ನ ಲೋಟ ತುಂಬುವ ಸದ್ದು
ಕಂಠದವರೆಗೆ ಏರಿ, ನಿಂತಿತು.
ಬೆಳಕು ಬಂದಾಗ ಮೇಜುಬಟ್ಟೆಯ ಮೇಲೆ
ಒಂದು ಹನಿಯಿಲ್ಲ.

ಆದರೂ ಅಂಕ ಕಳೆದಳು:
ನಗು ಕಾಣಲಿಲ್ಲವಂತೆ.