ಕಾಲಂ ನಾಲ್ಕು

ಪರೀಕ್ಷಾ ಫಾರ್ಮಿನ ನಾಲ್ಕನೇ ಕಾಲಮ್ಮಿನಾಗ
'ಬಾರಿಸುವ ಕೃತಿಯ ಹೆಸರು' ಅಂತೈತಿ.
ಕೆಳಗ ಸಣ್ಣ ಅಕ್ಷರದಾಗ: ಖಾಲಿ ಬಿಡತಕ್ಕದ್ದಲ್ಲ.
ಪೇಪರಿನ ಹೆಸರ ಆಶುವಾದನ, ಜಾಝ್.
ಇನ್ನೂ ಹುಟ್ಟಲಾರದ್ದಕ್ಕ
ಹದಿನೈದು ದಿನ ಮೊದಲ ಹೆಸರಿಡಬೇಕು,
ಎರಡುನೂರಾ ನಲವತ್ತು ರೂಪಾಯಿ ಚಲನ್ ಜೋಡಿ.

ನನ್ನ ಹೆಸರಿನ ಕಾಲಂ ಸರಳಿತ್ತು:
ಕಸ್ತೂರಿ ಯಮನೂರಪ್ಪ ಭಜಂತ್ರಿ, ಬೆಟಗೇರಿ.
ವಾದ್ಯ, ಸ್ಯಾಕ್ಸೊಫೋನ್.
ಅಜ್ಜಂದು ಸನಾದಿ, ಅಪ್ಪಂದು ಕ್ಲಾರಿನೆಟ್,
ಮೂರಕ್ಕೂ ನಾಲಿಗಿ ಮ್ಯಾಲ ಕಡ್ಡಿ ಹಸಿ ಆಗಬೇಕು.

ಗದಗಿನಿಂದ ಧಾರವಾಡಕ್ಕ ಮುಂಜಾನಿ ಪ್ಯಾಸೆಂಜರ್.
ಹುಲಕೋಟಿ ದಾಟೂದ್ರೊಳಗ ತೊಡಿ ಮ್ಯಾಲ ಬೆರಳು:
ಎರಡು-ಐದು-ಒಂದು, ಎರಡು-ಐದು-ಒಂದು.
ಎದುರಿನ ಮುದುಕಿ ಕೇಳಿದ್ಲು,
ಏನ್ ಲೆಕ್ಕಾನವಾ, ಬಡ್ಡೀದೇನು?
ಮನಿಗೆ ಹೊಳ್ಳಿ ಬರೂ ಲೆಕ್ಕ ಬೇ, ಅಂದೆ,
ಮಿನೆಜಿಸ್ ಸರ್ ಹೇಳಿಕೊಟ್ಟಂಗ.
ಆಕಿ ಅಣ್ಣಿಗೇರ್‍ಯಾಗ ಇಳದು ಹೋದ್ಲು.

ಮಿನೆಜಿಸ್ ಸರ್ ಹುಬ್ಬಳ್ಳಿ ರೈಲ್ವೆ ಕಾಲನಿಯವರು.
ಮೂವತ್ತು ವರ್ಷ ಗಾರ್ಡು; ಶನಿವಾರ ರಾತ್ರಿ
ಇನ್‌ಸ್ಟಿಟ್ಯೂಟಿನ ಕುಣಿತಕ್ಕ ಟ್ರಂಪೆಟ್ಟು.
ಈಗ ಹಲ್ಲಿನ ಸೆಟ್ಟು ಸಡಲ, ಟ್ರಂಪೆಟ್ಟು ಬಂದ್,
ವಾರಕ್ಕೆರಡು ಸಲ ನಮಗ ಪಾಠ.
ಕೊಂಕಣಿ ಬೆರೆತ ಕನ್ನಡದಾಗ ಒಂದ ಮಾತು:
"ಮೊದಲು ಕದಿ. ಕದ್ದದ್ದು ಬರಿ. ಬರದದ್ದು ಮರಿ."

ಯಾರದರೆ ಒಂದು ಸೋಲೊ ಕೇಳಿ ಬರಕೊಂಡು ಬರ್ರಿ, ಅಂದ್ರು.
ಎಲ್ಲಾರೂ ದೂರದೇಶದ ರೆಕಾರ್ಡ್ ಹಿಡದ್ರು.
ನನ್ನ ಫೋನಿನಾಗ ಮುಳಗುಂದದ ಮದವಿ ಇತ್ತು.
ಮೆರವಣಿಗಿ ಪಂಚಾಯ್ತಿ ಮುಂದ ಬಂದು
ಮದುಮಗನ ಕುದುರಿ ಕಾಲೂರಿ ನಿಂತಬಿಟ್ಟೈತಿ.
ಬೆಲ್ಲ ಕೊಟ್ಟರು. ಬಾಲ ತಿರುವಿದರು.
ಅದರ ಕುಲಾನೆಲ್ಲ ಎತ್ತಿ ಹಿರ್‍ಯಾರು ಬೈದರು.
ಅಪ್ಪ ಸಿನಿಮಾ ಹಾಡಿನ ಕಡೀ ಸಾಲು ಹಿಡಕೊಂಡು
ಹಿಂಜಿದ, ಹೊಸೆದ, ಗಂಧಾರ ಹಿಸುಕಿ
ಕೋಮಲಕ್ಕೂ ಶುದ್ಧಕ್ಕೂ ನಡುವಿನ ಓಣಿಯಾಗ ನಿಲ್ಲಿಸಿದ.
ನಲವತ್ತು ನಿಮಿಷ.
ನಮ್ಮ ಮನ್ಯಾಗ ಇದಕ್ಕ ಹೊತ್ತು ನೂಕೂದು ಅಂತಾರ.
ಅದಕ್ಕ ಬ್ಯಾರೆ ರೊಕ್ಕ ಇಲ್ಲ.

ಮೂರು ರಾತ್ರಿ ಕುಂತು ಬರದೆ.
ಅಪ್ಪ ಕೆಮ್ಮಿದ್ದಕ್ಕ ಎರಡೂವರಿ ಮಾತ್ರೆ ವಿರಾಮ.
ಕುದುರಿ ಕೆನದದ್ದು ಹೆಂಗ ಬರೀಬೇಕು ತಿಳೀಲಿಲ್ಲ,
ಒಂದು ಪ್ರಶ್ನೆ ಗುರುತು ಹಾಕಿದೆ.
ಅಪ್ಪ ಹಾಳಿ ತಲಿಕೆಳಗ ಹಿಡದು ನೋಡಿದ:
"ಇರಬಿ ಸಾಲು ಹಚ್ಚೀದಿ."
ಓದಿ ಬಾರಿಸಿದೆ, ಒಂದು ಚುಕ್ಕಿ ಬಿಡಲಾರದ, ಕೆಮ್ಮಿನ ಜಾಗಾ ಸೈತ.
ಕಡ್ಡಿ ಉಜ್ಜತಾ ಉಜ್ಜತಾ ಅಂದ,
"ಛಲೋ ಐತಿ. ಆದ್ರ ಅದು ಕುದುರಿ ನಿಂತಾಗಿಂದು.
ಈಗ ಕುದುರಿ ಎಲ್ಲೈತಿ?"

ಆ ಮಾತು ನನ್ನ ಒಂದು ವರ್ಷ ತಿಂತು.
ಹನ್ನೆರಡೂ ಸ್ಕೇಲು ಬಂದವು, ಬ್ಲೂಸ್ ಬಂತು,
ಬೆರಳಿಗೆ ಗೊತ್ತಿದ್ದದ್ದು ಬೆರಳ ಹೇಳತಿತ್ತು.
ಸರ್ ಕಣ್ಣು ಮುಚ್ಚಿ ಕೇಳಿ ಅಂತಿದ್ರು:
"ಗಾಡಿ ಟೈಮಿಗೆ ಬಂತು. ಖಾಲಿ ಬಂತು."

ಪರೀಕ್ಷಾ ದಿನ ಹೊರಗ ಜಿಟಿಜಿಟಿ.
ಪುಣೆಯ ಪರೀಕ್ಷಕರು, ಕೈಯಾಗ ಪೆನ್ಸಿಲ್ಲು.
ಪಿಯಾನೊ ಹುಡುಗ ನಾಕು ಬಾರು ಬಾರಿಸಿ ನನ್ನ ಕಡೆ ನೋಡಿದ.
ಮನ್ಯಾಗ ಮಾಡಿಟ್ಟದ್ದೆಲ್ಲಾ ಗಂಟಲ ತನಕ ಬಂದಿತ್ತು.
ಮ್ಯಾಲ ಫ್ಯಾನು, ಒಂದು ರೆಕ್ಕಿ ಸೊಟ್ಟ,
ಸುತ್ತಿಗೊಮ್ಮೆ ಟಕ್,
ತಾಳಕ್ಕಿಂತ ಚೂರು ಹಿಂದ, ಹಟಮಾರಿ.
ತುಟಿಗೆ ಹಚ್ಚಿದ್ದು ತೆಗದು ಸುಮ್ಮನ ನಿಂತೆ,
ಹನ್ನೆರಡು ಬಾರು, ಪೂರಾ.
ಪೆನ್ಸಿಲ್ ಮ್ಯಾಲೆದ್ದಿತು.
ಆಮ್ಯಾಲ ಫ್ಯಾನಿನ ಹಿಂದ ಹೊಂಟೆ.

ಎಷ್ಟು ಹೊತ್ತೋ. ಎರಡು ಕಡೆ ತಪ್ಪಿದೆ.
ಒಂದು ತಪ್ಪು ಚಂದಿತ್ತು, ಅದನ್ನ ಮತ್ತೊಮ್ಮೆ ಮಾಡಿದೆ.

ಅಂಕ ಐವತ್ತೆಂಟು. ಬಾಜೂಕ ಪೆನ್ಸಿಲ್ಲಿನಾಗ:
ಆರಂಭದ ವಿರಾಮ ಅನಗತ್ಯ.

ಕಾಲಂ ನಾಲ್ಕು ಖಾಲಿ ಉಳದಿತ್ತಂತ
ಆಫೀಸಿನ ಹುರಕಡ್ಲಿ ಗುಮಾಸ್ತರು ಕರಸಿದ್ರು.
"ಏನ ಬಾರಿಸಿದೆವಾ?"
ಫ್ಯಾನು, ಅಂದೆ.
ಕನ್ನಡಕದ ಮ್ಯಾಲಿಂದ ಒಮ್ಮೆ ನೋಡಿ
'ಇತರೆ' ಅಂತ ಬರದು
ಶಿಕ್ಕಾ ಒತ್ತಿದ್ರು.